ಮನೆಯೊಳಗಿನ ನೋವಿನ ಸಿನಿಮಾ ನೋಡುವುದು ಹೇಗೆ
ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ನರ 1978ರ ಸಿನಿಮಾ 'ಆಟಮ್ ಸೊನಾಟಾ' ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಿಯಾನೋ ನುಡಿಸುವ ಪ್ರಸಿದ್ಧ ತಾಯಿ, ಅವಳಿಗಾಗಿ ಕಾದು ಕಾದು ಬೆಳೆದ ಮಗಳು. ನಡುರಾತ್ರಿ ಮಗಳು ಎಲ್ಲ ಹೇಳಿಬಿಡುತ್ತಾಳೆ. ನಾನು ಅಮ್ಮನಿಗೆ ಹೇಳದೆ ಉಳಿಸಿಕೊಂಡ ಮಾತುಗಳೂ ಗಂಟಲಿಗೆ ಬಂದವು.

ಈಗ ಇಂಥ ಸಿನಿಮಾವನ್ನು ರಾತ್ರಿ ಒಬ್ಬಳೇ ನೋಡುವುದಿಲ್ಲ. ನೀವೂ ಹಗಲು ಹೊತ್ತಲ್ಲಿ ನೋಡಿ. ಕತೆ ಏನೆಂದು ಮೊದಲೇ ಸ್ವಲ್ಪ ಓದಿಕೊಳ್ಳಿ. ಎದೆ ಬಿಗಿಯಾದರೆ ನಿಲ್ಲಿಸಿ, ಎದ್ದು ಓಡಾಡಿ. ಪೂರ್ತಿ ನೋಡಲೇಬೇಕು ಅಂತ ಏನಿಲ್ಲ ಅಲ್ವಾ?

ಮುಗಿದ ಮೇಲಿನ ಒಂದು ಗಂಟೆಯೇ ಮುಖ್ಯ. ತಕ್ಷಣ ಫೋನ್ ಹಿಡಿಯಬೇಡಿ, ಸುಮ್ನೆ ಕೂತಿರಿ. ಅಳು ಬಂದರೆ ಅತ್ತುಬಿಡಿ. ಆಮೇಲೆ ಹಾಳೆಯಲ್ಲಿ ಎರಡು ಸಾಲು ಬರೆಯಿರಿ: ಯಾವ ದೃಶ್ಯ ಚುಚ್ಚಿತು, ಅಲ್ಲಿ ಯಾರು ನೆನಪಾದರು? ನಾನು ಬರೆದದ್ದು, 'ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡ ಸಂಜೆ'. ಸಿನಿಮಾದ ದುಃಖ ಯಾವುದು, ನನ್ನದು ಯಾವುದು ಅಂತ ಆಗ ಗೊತ್ತಾಯಿತು.

ಆ ಬಿಸಿಯಲ್ಲೇ ಮನೆಯವರಿಗೆ ಫೋನ್ ಮಾಡಬೇಡಿ. ನಾನು ಮಾಡಿದ್ದೆ. ನನ್ನ ಮಾತಿಗಿಂತ ನನ್ನ ಕೋಪವೇ ಅಮ್ಮನಿಗೆ ಜಾಸ್ತಿ ಕೇಳಿಸಿತು. ಎರಡು ದಿನ ಬಿಟ್ಟು ಮಾತಾಡಿ. ವಾರಗಟ್ಟಲೆ ಭಾರ ಇಳಿಯದೆ ಊಟ, ನಿದ್ದೆ ಕೆಟ್ಟರೆ ಆಪ್ತಸಮಾಲೋಚಕರನ್ನು ಕಾಣಿ.