50 ಸೆಕೆಂಡು

ನಾನು ಆಕಾಶವಾಣಿಯಲ್ಲಿ ಕ್ಯಾಶುಯಲ್ ಉದ್ಘೋಷಕಿಯಾಗಿದ್ದೆ. ತಿಂಗಳಿಗೆ ಹೆಚ್ಚೆಂದರೆ ಆರು ಡ್ಯೂಟಿ. ಅದರಲ್ಲಿ ಮನೆ ನಡೆಯುತ್ತಾ? ಉಳಿದ ದಿನ ಟ್ಯೂಷನ್ ಹೇಳಿಕೊಡುತ್ತಿದ್ದೆ.

ಧ್ವನಿ ಪರೀಕ್ಷೆಗೆ ಹೋದಾಗ ನನ್ನ ದನಿ ಚೆನ್ನಾಗಿದೆ ಅಂತ ಸ್ವಲ್ಪ ಜಂಬವಿತ್ತು. ಗಾಜಿನ ಆಚೆ ಕೂತವರು ದನಿಯನ್ನು ಅಷ್ಟಾಗಿ ಲೆಕ್ಕಕ್ಕೇ ತಗೊಳ್ಳಲಿಲ್ಲ. ಶ, ಷ, ಸ ಬೇರೆ ಬೇರೆ ಕೇಳುತ್ತಾ, ಅಕಾರ ಹಕಾರ ಸರಿ ಇದೆಯಾ, ಅದೇ ಅವರ ಚಿಂತೆ. ಪಾಸೇನೋ ಆದೆ. ಆದರೆ ಕೋರಿಕೆ ಕಾರ್ಯಕ್ರಮದಲ್ಲಿ ಅವಸರಕ್ಕೆ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳವನ್ನು ಅಂಗಳ ಮಾಡಿಬಿಟ್ಟೆ. ವಾರದೊಳಗೆ ಒಂದು ಕಾರ್ಡ್ ಬಂತು: "ಮೇಡಂ, ನಮ್ಮೂರಿನ ಹ ಎಲ್ಲಿ ಹೋಯ್ತು?" ಅವತ್ತಿನಿಂದ ಊರಿನ ಹೆಸರುಗಳನ್ನು ಡ್ಯೂಟಿಗೆ ಮೊದಲೇ ಒಂದು ಸಲ ಬಾಯಿಬಿಟ್ಟು ಓದಿಕೊಳ್ಳುತ್ತಿದ್ದೆ.

ನನಗಿಷ್ಟ ಬೆಳಗಿನ ಪಾಳಿ. ಮೊದಲು ಆಕಾಶವಾಣಿಯ ಆ ಮುದ್ರಾ ಸಂಗೀತ, ಅಂದರೆ ಸಿಗ್ನೇಚರ್ ಟ್ಯೂನ್, ಆಮೇಲೆ ವಂದೇ ಮಾತರಂ. ಆ ಮುದ್ರಾ ಸಂಗೀತ ಮಾಡಿದ್ದು ವಾಲ್ಟರ್ ಕೌಫ್‌ಮನ್, ನಾಜಿಗಳ ಕಾಟಕ್ಕೆ ಯುರೋಪ್ ಬಿಟ್ಟು ಮುಂಬೈಗೆ ಬಂದ ಯಹೂದಿ. ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಆದರೆ ಈ ಕೆಲಸದಲ್ಲಿ ಮಾತಿಗಿಂತ ಲೆಕ್ಕ ಜಾಸ್ತಿ. ಬೇರೆ ಕೇಂದ್ರದಿಂದ ಬರುವ ವಾರ್ತೆಯ ರಿಲೇ ಯಾರಿಗೂ ಕಾಯಲ್ಲ. ಹಾಡು ಉದ್ದವಾದರೆ ಪಲ್ಲವಿಯ ನಡುವೆ ಫೇಡರ್, ಅಂದರೆ ಸದ್ದು ತಗ್ಗಿಸುವ ಗುಂಡಿ, ಇಳಿಸಬೇಕು, ಕೇಳುಗರು ಬೈತಾರೆ. ಗಿಡ್ಡವಾದರೆ ನಾವೇ ತುಂಬಿಸಬೇಕು. ಹಾಗಾಗಿ ವಾರ್ತೆಯ ಸಮಯದಿಂದ ಹಿಂದಕ್ಕೆ ಎಣಿಸಿ, ಪ್ರತಿ ಹಾಡು ಎಷ್ಟಕ್ಕೆ ಶುರುವಾಗಬೇಕು ಅಂತ ಹಾಡುಗಳ ಪಟ್ಟಿ ಇರುವ ಕ್ಯೂಶೀಟಿನ ಅಂಚಿಗೆ ಪೆನ್ಸಿಲಲ್ಲಿ ಬರೆದುಕೊಳ್ಳುತ್ತಿದ್ದೆ.

ಒಂದು ದಿನ 2:31 ನಿಮಿಷದ ಹಾಡನ್ನು 3:21 ಅಂತ ಬರೆದುಕೊಂಡಿದ್ದೆ. ಹಾಡು ಮುಗಿಯಿತು. ವಾರ್ತೆಗೆ ಇನ್ನೂ 50 ಸೆಕೆಂಡು! ಮುಂದಿನ ಕಾರ್ಯಕ್ರಮದ ವಿವರ ಹೇಳಿದೆ. ಅದನ್ನೇ ಇನ್ನೊಂದು ಸಲ ಹೇಳಿದೆ. ಇಪ್ಪತ್ತು ಸೆಕೆಂಡೂ ಆಗಲಿಲ್ಲ. ಇಂಥ ಹೊತ್ತಿಗೇ ಅಂತ ಇಟ್ಟಿದ್ದ ಕೊಳಲಿನ ಸಿಡಿ ಕೈಗೆ ಸಿಗಲಿಲ್ಲ. ಎದುರಿಗೆ ಗಡಿಯಾರದ ಮುಳ್ಳು ಮಾತ್ರ ಓಡುತ್ತಿತ್ತು. ಡ್ಯೂಟಿ ರೂಮಿನ ಫೋನು ಹೊಡೆದುಕೊಂಡಿತು. ಆಮೇಲೆ ಲಾಗ್ ಬುಕ್ಕಿನಲ್ಲಿ ನನ್ನ ತಪ್ಪನ್ನು ನಾನೇ ಬರೆದು ಸಹಿ ಹಾಕಿದೆ.

ಮನೆಗೆ ಬಂದರೆ ರೇಡಿಯೋ ಬೆನ್ನು ಬಿಚ್ಚಿಕೊಂಡು ಮಲಗಿತ್ತು. "ಸೆಲ್ ಮುಗೀತು ಅನ್ಸುತ್ತೆ ಕಣೇ, ಬಿಸಿಲಿಗೆ ಇಟ್ಟಿದೀನಿ" ಅಂದರು ಅಮ್ಮ.