ಯುರೋಪಿನ ಹೆದ್ದಾರಿಯಲ್ಲಿ ಕಾರು ಕೆಟ್ಟು ನಿಂತಾಗ

ಶಿರಾಡಿ ಘಾಟಿಯಲ್ಲೋ ತುಮಕೂರು ರಸ್ತೆಯಲ್ಲೋ ಕಾರು ಕೆಟ್ಟು ನಿಂತರೆ ನಾವು ಮೊದಲು ಮಾಡುವ ಕೆಲಸ ಕೆಳಗಿಳಿದು ಬಾನೆಟ್ ಎತ್ತುವುದು. ಅಷ್ಟರಲ್ಲಿ ಹಿಂದಿನಿಂದ ಬಂದ ಲಾರಿಯವರು ನಿಲ್ಲಿಸಿ ವಿಚಾರಿಸುತ್ತಾರೆ, ಹತ್ತಿರದ ಊರಿನ ಮೆಕ್ಯಾನಿಕ್‌ನ ನಂಬರು ಯಾರ ಬಳಿಯಾದರೂ ಸಿಗುತ್ತದೆ, ನಾಲ್ಕು ಜನ ಸೇರಿ ಕಾರನ್ನು ಹೇಗಾದರೂ ಹೊರಡಿಸುತ್ತಾರೆ. ಜರ್ಮನಿಯ ಆಟೊಬಾನ್‌ನಲ್ಲೋ ಫ್ರಾನ್ಸಿನ ಆಟೊರೂಟ್‌ನಲ್ಲೋ ಇದೇ ಅಭ್ಯಾಸ ಜೀವಕ್ಕೆ ಎರವಾಗಬಹುದು. ಅಲ್ಲಿ ಗಂಟೆಗೆ 130 ಕಿ.ಮೀ. ಎಂಬುದು ಸಾಮಾನ್ಯ ವೇಗ. ಅಂದರೆ ಸೆಕೆಂಡಿಗೆ 36 ಮೀಟರ್. ನೂರು ಮೀಟರ್ ದೂರದಲ್ಲಿ ಕಂಡ ಕಾರು ನಿಮ್ಮ ಬೆನ್ನ ಹಿಂದೆ ಬಂದು ಮುಟ್ಟಲು ಮೂರು ಸೆಕೆಂಡು ಸಹ ಬೇಡ. ಆದ್ದರಿಂದ ಅಲ್ಲಿ ಕಾರಿಗೆ ಏನಾಗಿದೆ ಎಂದು ನೋಡುವುದು ಕೊನೆಯ ಕೆಲಸ. ಕಾರಿನಲ್ಲಿದ್ದವರನ್ನು ರಸ್ತೆಯಿಂದ ಆಚೆ ಸೇರಿಸುವುದೇ ಮೊದಲ ಕೆಲಸ.

ಮಗನನ್ನೋ ಮಗಳನ್ನೋ ನೋಡಲು ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಆಲ್ಪ್ಸ್ ಕಡೆಗೆ ಹೊರಡುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ. ಸ್ವಂತ ಕಾರು ಇಟ್ಟುಕೊಂಡು ಅಲ್ಲಿಯೇ ನೆಲೆಸಿರುವ ಕನ್ನಡಿಗರಿಗೂ ಇದರಲ್ಲಿನ ಬಹುಪಾಲು ವಿಷಯ ಅನ್ವಯಿಸುತ್ತದೆ.

ಕಾರಿನ ಕೀಲಿ ಕೈಗೆ ಬಂದಾಗ

ಊರಿನಿಂದ ಹೊರಡುವ ಮೊದಲೇ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದುಕೊಳ್ಳಿ. ನಮೂನೆ 4ಎ ಅರ್ಜಿಯ ಜೊತೆ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಗಳನ್ನು ಕೊಡಬೇಕು. ಅದು ಒಂದು ವರ್ಷ ಊರ್ಜಿತದಲ್ಲಿರುತ್ತದೆ. ಅದೊಂದನ್ನೇ ತೋರಿಸಿದರೆ ಸಾಲದು, ಮೂಲ ಲೈಸೆನ್ಸ್ ಸಹ ಜೊತೆಗಿರಬೇಕು. ಕಾರು ಕೆಟ್ಟಾಗ ಪೊಲೀಸರು ಬಂದರೆ ಮೊದಲು ಕೇಳುವುದು ಈ ಎರಡನ್ನೇ.

ಬಾಡಿಗೆ ಕಂಪನಿಯ ಕೌಂಟರಿನಲ್ಲಿ ಸಾಲು ಉದ್ದವಿದ್ದರೂ ಹತ್ತು ನಿಮಿಷ ಬಿಡುವು ಮಾಡಿಕೊಂಡು ಡಿಕ್ಕಿ ತೆರೆಯಿಸಿ ನೋಡಿ. ಕೆಲವು ವರ್ಷಗಳ ಹಿಂದೆ ಝಾಲ್ಸ್‌ಬುರ್ಗ್‌ನಿಂದ ದಕ್ಷಿಣಕ್ಕೆ ಹೋಗುತ್ತಿದ್ದಾಗ ನಮ್ಮ ಕಾರಿನ ಹಿಂದಿನ ಟೈರು ಪಂಕ್ಚರ್ ಆಯಿತು. ಸಾಮಾನೆಲ್ಲ ಇಳಿಸಿ ಡಿಕ್ಕಿಯ ತಳ ಎತ್ತಿದರೆ ಅಲ್ಲಿ ಸ್ಟೆಪ್ನಿಯೇ ಇರಲಿಲ್ಲ. ಒಂದು ಬಾಟಲಿ ಅಂಟುದ್ರವ ಮತ್ತು ಗಾಳಿ ತುಂಬುವ ಸಣ್ಣ ಯಂತ್ರ ಮಾತ್ರ ಇದ್ದವು. ಪ್ರತಿಫಲಿಸುವ ಹಳದಿ ಜಾಕೆಟ್ ಸಹ ಎಲ್ಲ ಪೆಟ್ಟಿಗೆಗಳ ಅಡಿಯಲ್ಲಿತ್ತು. ವಾಹನಗಳು ಪಕ್ಕದಲ್ಲೇ ಹಾರಿಹೋಗುತ್ತಿದ್ದ ರಸ್ತೆಯಂಚಿನಲ್ಲಿ ನಿಂತು ಆ ಜಾಕೆಟ್ ಹುಡುಕಿದ ಐದು ನಿಮಿಷಗಳನ್ನು ನಾನು ಇಂದಿಗೂ ಮರೆತಿಲ್ಲ. ಯುರೋಪಿನ ಈಗಿನ ಅನೇಕ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇದ್ದರೆ ಜಾಕ್ ಮತ್ತು ಚಕ್ರದ ಬೀಗದ ನಟ್ಟು ಬಿಚ್ಚುವ ವಿಶೇಷ ಕೀಲಿ ಎಲ್ಲಿದೆ ಎಂಬುದನ್ನು ಕಣ್ಣಾರೆ ನೋಡಿ. ಜಾಕೆಟ್‌ಗಳನ್ನು ಡಿಕ್ಕಿಯಲ್ಲಿ ಬಿಡದೆ ಸೀಟಿನ ಕೆಳಗೋ ಬಾಗಿಲಿನ ಜೇಬಿನಲ್ಲೋ ಇಟ್ಟುಕೊಳ್ಳಿ. ಕೆಳಗಿಳಿಯುವ ಮೊದಲೇ ಕೈಗೆ ಸಿಗುವಂತಿರಬೇಕೆಂಬುದು ಫ್ರಾನ್ಸಿನಲ್ಲಿ ಕಾನೂನು ಸಹ ಹೌದು. ಕಾನೂನು ಒಂದು ಜಾಕೆಟ್ ಸಾಕು ಎಂದರೂ ಕಾರಿನಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಜಾಕೆಟ್ ಇರಲಿ. ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ತ್ರಿಕೋನ ಫಲಕ, ಜಾಕೆಟ್ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮೂರೂ ಕಡ್ಡಾಯ.

ಒಪ್ಪಂದದ ಪತ್ರದಲ್ಲಿ ಎರಡು ಸಂಗತಿಗಳನ್ನು ಹುಡುಕಿ ಓದಬೇಕು. ಕಾರನ್ನು ಬೇರೆ ದೇಶಕ್ಕೆ ಒಯ್ಯಲು ಅನುಮತಿ ಇದೆಯೇ ಎಂಬುದು ಮೊದಲನೆಯದು. ಅನುಮತಿಯಿಲ್ಲದೆ ಗಡಿ ದಾಟಿದ ಮೇಲೆ ಕಾರು ಕೆಟ್ಟರೆ ವಿಮೆಯೂ ನೆರವೂ ಎರಡೂ ಕೈಕೊಡಬಹುದು. ಟೈರು, ಗಾಜು ಮತ್ತು ಕಾರಿನ ತಳಭಾಗ ವಿಮೆಯಲ್ಲಿ ಸೇರಿವೆಯೇ ಎಂಬುದು ಎರಡನೆಯದು. ಸಾಮಾನ್ಯ ಬಾಡಿಗೆ ವಿಮೆಯಲ್ಲಿ ಈ ಮೂರನ್ನೂ ಹಲವು ವೇಳೆ ಹೊರಗಿಟ್ಟಿರುತ್ತಾರೆ. ಕಂಪನಿಯ ಸಹಾಯವಾಣಿಯ ಸಂಖ್ಯೆಯನ್ನು ದೇಶದ ಕೋಡ್ ಸಮೇತ ಕನಿಷ್ಠ ಇಬ್ಬರ ಫೋನಿನಲ್ಲಿ ಉಳಿಸಿಕೊಳ್ಳಿ.

ಮೊದಲ ಐದು ನಿಮಿಷ

ಎಂಜಿನ್ ಎಳೆಯುತ್ತಿಲ್ಲ ಅಥವಾ ಕೆಂಪು ದೀಪ ಹೊತ್ತಿತು ಎಂದಾದರೆ ನಾಲ್ಕೂ ಇಂಡಿಕೇಟರ್ ಹಾಕಿ. ಕಾರಿಗೆ ಇನ್ನೂ ಓಟವಿದ್ದರೆ ಮುಂದಿನ ನಿರ್ಗಮನದವರೆಗೋ ವಿಶ್ರಾಂತಿ ತಾಣದವರೆಗೋ ಹೋಗಲು ಯತ್ನಿಸಿ. ಹೆದ್ದಾರಿಯ ಅಂಚು ಎಂದಿಗೂ ಎರಡನೆಯ ಆಯ್ಕೆ. ಆದರೆ ಎಣ್ಣೆಯ ಡಬ್ಬಿಯ ಚಿತ್ರವೋ ಥರ್ಮಾಮೀಟರಿನ ಚಿತ್ರವೋ ಕೆಂಪಾಗಿ ಕಂಡರೆ ಮುಂದೆ ಎಳೆದಷ್ಟೂ ಎಂಜಿನ್ ಹಾಳಾಗುತ್ತದೆ, ಆಗ ಸಿಕ್ಕ ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸಲೇಬೇಕು. ಹಳದಿ ದೀಪವಾದರೆ ಸಾಮಾನ್ಯವಾಗಿ ನಿಧಾನವಾಗಿ ಮುಂದಿನ ಊರು ತಲುಪಬಹುದು.

ಅಂಚಿನ ತುರ್ತು ಪಟ್ಟಿಯಲ್ಲಿ ನಿಲ್ಲಿಸುವಾಗ ಸಾಧ್ಯವಾದಷ್ಟು ಬಲಕ್ಕೆ ಸರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮುಂದಿನ ಚಕ್ರಗಳನ್ನು ರಸ್ತೆಯಿಂದ ಆಚೆಗೆ ತಿರುಗಿಸಿಡಿ. ಕತ್ತಲಿದ್ದರೆ ಪಾರ್ಕಿಂಗ್ ದೀಪ ಉರಿಯುತ್ತಿರಲಿ. ಕುಳಿತಲ್ಲಿಯೇ ಜಾಕೆಟ್ ತೊಟ್ಟುಕೊಂಡು ಎಲ್ಲರೂ ಬಲಗಡೆಯ ಬಾಗಿಲಿನಿಂದಲೇ ಇಳಿಯಬೇಕು. ಎಡಕ್ಕೆ ಕುಳಿತ ಚಾಲಕರು ಪಕ್ಕದ ಸೀಟನ್ನು ದಾಟಿ ಬರುವುದು ಕಷ್ಟವೆನಿಸಿದರೂ ಹಾಗೆಯೇ ಬರಬೇಕು, ಏಕೆಂದರೆ ಅವರ ಬಾಗಿಲು ತೆರೆಯುವುದು ಓಡುವ ವಾಹನಗಳ ಕಡೆಗೆ. ನಮ್ಮಂತೆಯೇ ಎಡಗಡೆ ಸಾಗುವ ಬ್ರಿಟನ್, ಐರ್ಲೆಂಡ್, ಮಾಲ್ಟಾ ಮತ್ತು ಸೈಪ್ರಸ್‌ಗಳಲ್ಲಿ ಇದು ತಿರುವುಮುರುವು. ಇಳಿದವರು ಕಬ್ಬಿಣದ ತಡೆಬೇಲಿಯ ಆಚೆಗೆ ಹೋಗಿ, ಕಾರಿಗಿಂತ ಸ್ವಲ್ಪ ಹಿಂದಕ್ಕೆ, ಅಂದರೆ ವಾಹನಗಳು ಬರುವ ದಿಕ್ಕಿನ ಕಡೆಗೆ ನಿಲ್ಲಬೇಕು. ಯಾವುದಾದರೂ ಲಾರಿ ಬಂದು ಕಾರಿಗೆ ಗುದ್ದಿದರೆ ಅದು ಮುಂದಕ್ಕೆ ಚಿಮ್ಮುತ್ತದೆಯೇ ಹೊರತು ಹಿಂದಕ್ಕಲ್ಲ. ಮಳೆಯಿದೆ, ಚಳಿಯಿದೆ, ಅಜ್ಜಿಗೆ ಕಾಲುನೋವು ಎಂದು ಯಾರನ್ನಾದರೂ ಕಾರಿನೊಳಗೇ ಕೂರಿಸುವ ಮನಸ್ಸಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಬಳಿಯನ್ನೋ ಶಾಲನ್ನೋ ಹೊದಿಸಿ ಬೇಲಿಯ ಆಚೆಗೇ ಕರೆದೊಯ್ಯಿರಿ.

ತ್ರಿಕೋನ ಫಲಕದ ವಿಷಯದಲ್ಲಿ ದೇಶದಿಂದ ದೇಶಕ್ಕೆ ನಿಯಮ ಬೇರೆ. ಜರ್ಮನಿಯಲ್ಲಿ ಹೊರವಲಯದ ರಸ್ತೆಯಲ್ಲಾದರೆ ಸುಮಾರು 100 ಮೀಟರ್, ಆಟೊಬಾನ್‌ನಲ್ಲಾದರೆ 150ರಿಂದ 200 ಮೀಟರ್ ಹಿಂದೆ ಇಡಬೇಕೆಂದು ಕಲಿಸುತ್ತಾರೆ. ಫಲಕವನ್ನು ಎದುರಿಗೆ ಹಿಡಿದುಕೊಂಡು, ಬೇಲಿಯ ಆಚೆಯಿಂದಲೇ ನಡೆದು ಹೋಗಬೇಕು. ಫ್ರಾನ್ಸಿನಲ್ಲಿ ಕನಿಷ್ಠ 30 ಮೀಟರ್, ಆದರೆ ಇಡಲು ಹೋಗುವುದೇ ಅಪಾಯವೆನಿಸುವ ಕಡೆ ಇಡಬೇಕಿಲ್ಲ. ಬ್ರಿಟನ್ನಿನ ಮೋಟರ್‌ವೇಗಳಲ್ಲಿ ಇಡಲೇಬಾರದು. ಸ್ಪೇನ್ ಇನ್ನೂ ಮುಂದೆ ಹೋಗಿದೆ: 2026ರ ಜನವರಿ 1ರಿಂದ ಅಲ್ಲಿ ನೋಂದಣಿಯಾದ ಕಾರುಗಳಲ್ಲಿ ತ್ರಿಕೋನದ ಬದಲು ವಿ-16 ಎಂಬ ಹಳದಿ ಮಿಂಚುದೀಪ ಕಡ್ಡಾಯವಾಗಿದೆ. ಕಿಟಕಿಯಿಂದ ಕೈ ಹೊರಚಾಚಿ ಕಾರಿನ ಛಾವಣಿಗೆ ಅಂಟಿಸಿದರೆ ಸಾಕು, ಅದು ಕಾರು ನಿಂತ ಜಾಗವನ್ನು ಸಂಚಾರ ಇಲಾಖೆಗೆ ತಾನಾಗಿಯೇ ತಿಳಿಸುತ್ತದೆ. ಫಲಕ ಇಡಲು ನಡೆದು ಹೋದವರೇ ವಾಹನಕ್ಕೆ ಸಿಕ್ಕುವುದನ್ನು ತಪ್ಪಿಸುವ ಈ ವ್ಯವಸ್ಥೆ ನನಗೆ ಬಹಳ ಸರಿ ಎನಿಸುತ್ತದೆ. ಸ್ಪೇನಿನಲ್ಲಿ ಬಾಡಿಗೆಗೆ ಪಡೆದ ಕಾರಿನಲ್ಲಿ ಅದು ಎಲ್ಲಿದೆ ಎಂದು ಕೇಳಿಟ್ಟುಕೊಳ್ಳಿ.

ಯಾರಿಗೆ ಕರೆ ಮಾಡಬೇಕು?

ಯಾರಿಗಾದರೂ ಪೆಟ್ಟಾಗಿದ್ದರೆ, ಕಾರಿನಿಂದ ಹೊಗೆ ಬರುತ್ತಿದ್ದರೆ ಅಥವಾ ಕಾರು ಓಡುವ ಪಥದ ನಡುವೆಯೇ ನಿಂತುಬಿಟ್ಟಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ. ಈಗ ನಮ್ಮ ಊರಲ್ಲೂ ತುರ್ತಿಗೆ ಇದೇ ಸಂಖ್ಯೆ ಇರುವುದರಿಂದ ನೆನಪಿಡುವುದು ಸುಲಭ. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲಿ, ಸ್ವಿಟ್ಜರ್ಲೆಂಡ್, ನಾರ್ವೆ, ಬ್ರಿಟನ್‌ಗಳಲ್ಲಿಯೂ ಅದು ಕೆಲಸ ಮಾಡುತ್ತದೆ, ಹಣವೂ ಬೀಳುವುದಿಲ್ಲ. 2018ರ ಮಾರ್ಚ್ 31ರ ನಂತರ ಒಕ್ಕೂಟದ ಒಪ್ಪಿಗೆ ಪಡೆದ ಹೊಸ ಮಾದರಿಯ ಕಾರುಗಳಲ್ಲಿ ಇ-ಕಾಲ್ ಎಂಬ ವ್ಯವಸ್ಥೆ ಕಡ್ಡಾಯವಾಗಿದೆ. ಏರ್‌ಬ್ಯಾಗ್ ತೆರೆದುಕೊಂಡರೆ ಕಾರು ತಾನೇ 112ಕ್ಕೆ ಕರೆ ಮಾಡಿ ಇರುವ ಜಾಗವನ್ನು ತಿಳಿಸುತ್ತದೆ. ಛಾವಣಿಯ ದೀಪದ ಬಳಿ ಇರುವ ಎಸ್‌ಒಎಸ್ ಗುಂಡಿಯನ್ನು ನಾವೂ ಒತ್ತಬಹುದು, ಆದರೆ ಬರೀ ಪಂಕ್ಚರ್‌ಗೆ ಅದನ್ನು ಒತ್ತಬಾರದು.

ಬಾಡಿಗೆ ಕಾರು ಅಪಾಯವಿಲ್ಲದ ಜಾಗದಲ್ಲಿ ಕೆಟ್ಟು ನಿಂತಿದ್ದರೆ ಮೊದಲ ಕರೆ ಕಂಪನಿಯ ಸಹಾಯವಾಣಿಗೆ ಹೋಗಬೇಕು. ಅವರನ್ನು ಕೇಳದೆ ದಾರಿಯ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದರೆ ಆ ಹಣ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಇದಕ್ಕೆ ದೊಡ್ಡ ಅಪವಾದ ಫ್ರಾನ್ಸಿನ ಆಟೊರೂಟ್. ಅಲ್ಲಿ ನೀವಾಗಲಿ ಬಾಡಿಗೆ ಕಂಪನಿಯಾಗಲಿ ತಮಗಿಷ್ಟದ ಟೋಯಿಂಗ್ ಗಾಡಿಯನ್ನು ಕರೆಸುವಂತಿಲ್ಲ. ಅನುಮತಿ ಪಡೆದ ಸ್ಥಳೀಯ ನಿರ್ವಾಹಕರು ಮಾತ್ರ ಬರಬಹುದು. ಕಿತ್ತಳೆ ಬಣ್ಣದ ಎಸ್‌ಒಎಸ್ ದೂರವಾಣಿ ಕಂಬ ಕಂಡರೆ ಅದರಿಂದಲೇ ಮಾತನಾಡಿ, ಇಲ್ಲದಿದ್ದರೆ 112. ದರವನ್ನು ಸರ್ಕಾರವೇ ನಿಗದಿಪಡಿಸಿರುತ್ತದೆ, ರಾತ್ರಿ ಮತ್ತು ರಜೆಯ ದಿನ ಹೆಚ್ಚು. ಬಿಲ್ಲನ್ನು ಜೋಪಾನವಾಗಿಟ್ಟು, ಹೆದ್ದಾರಿಯಿಂದ ಹೊರಬಂದ ಮೇಲೆ ಕಂಪನಿಯ ನೆರವು ಕೇಳಬೇಕು.

ಸ್ವಂತ ಕಾರು ಇರುವವರು ಆಯಾ ದೇಶದ ಮೋಟಾರು ಕ್ಲಬ್ಬಿನ ಸದಸ್ಯತ್ವ ಪಡೆಯುವುದು ಒಳ್ಳೆಯದು. ಜರ್ಮನಿಯಲ್ಲಿ 1903ರಲ್ಲಿ ಹುಟ್ಟಿದ ಎಡಿಎಸಿಯ ಹಳದಿ ಗಾಡಿಯವರನ್ನು ಜನ ಹಳದಿ ದೇವದೂತರು ಎಂದೇ ಕರೆಯುತ್ತಾರೆ. ಆಸ್ಟ್ರಿಯಾದಲ್ಲಿ 120 ಮತ್ತು 123, ಸ್ವಿಟ್ಜರ್ಲೆಂಡಿನಲ್ಲಿ 0800 140 140, ಇಟಲಿಯಲ್ಲಿ 803116 ಇಂಥ ನೆರವಿನ ಸಂಖ್ಯೆಗಳು. ಸದಸ್ಯರಲ್ಲದವರು ಹಣ ಕೊಟ್ಟು ಸೇವೆ ಪಡೆಯಬೇಕಾಗುತ್ತದೆ. ಭಾರತದ ಸಿಮ್‌ನಿಂದ ಇಂಥ ಚಿಕ್ಕ ಸಂಖ್ಯೆಗಳು ಸೇರದೆ ಹೋಗಬಹುದು ಎಂಬುದು ನೆನಪಿರಲಿ.

ಕರೆ ಮಾಡಿದಾಗ ಎಲ್ಲಿದ್ದೀರಿ ಎಂದು ಹೇಳುವುದೇ ಕಷ್ಟದ ಭಾಗ. ರಸ್ತೆಯ ಸಂಖ್ಯೆ, ಯಾವ ಊರಿನ ದಿಕ್ಕಿಗೆ ಹೋಗುತ್ತಿದ್ದೀರಿ, ಪಕ್ಕದ ಕಿಲೋಮೀಟರ್ ಫಲಕದ ಮೇಲೆ ಏನಿದೆ, ಈ ಮೂರನ್ನು ಇದೇ ಕ್ರಮದಲ್ಲಿ ಹೇಳಿ. ದಿಕ್ಕು ಹೇಳದಿದ್ದರೆ ನೆರವಿನ ಗಾಡಿ ಎದುರು ಬದಿಯ ರಸ್ತೆಗೆ ಬಂದು, ತಿರುಗಿ ಬರಲು ಹತ್ತಾರು ಕಿಲೋಮೀಟರ್ ಸುತ್ತಬೇಕಾದೀತು. ಜರ್ಮನಿಯಲ್ಲಿ ಅಂಚಿನ ಬಿಳಿ ಗೂಟಗಳ ಮೇಲಿನ ಸಣ್ಣ ಕಪ್ಪು ಬಾಣವು ಹತ್ತಿರದ ತುರ್ತು ದೂರವಾಣಿಯ ಕಡೆಗೆ ತೋರಿಸುತ್ತದೆ. ಭಾಷೆ ಬಾರದಿದ್ದರೆ ‘ಪಾನ್’ ಎಂಬ ಒಂದು ಪದ ಕಲಿತಿರಿ. ಕಾರು ಕೆಟ್ಟಿದೆ ಎನ್ನಲು ಫ್ರೆಂಚರು ಅದನ್ನೇ ಬಳಸುತ್ತಾರೆ, ಜರ್ಮನ್ನರು ‘ಪಾನೆ’ ಎನ್ನುತ್ತಾರೆ, ಇಟಲಿಯವರಿಗೂ ಅದು ಅರ್ಥವಾಗುತ್ತದೆ. ಸ್ಪೇನಿನಲ್ಲಿ ಮಾತ್ರ ‘ಅವೆರಿಯಾ’ ಎನ್ನಬೇಕು.

ಸುರಂಗದೊಳಗೆ

ಆಲ್ಪ್ಸ್ ದಾಟುವವರು ಈ ಭಾಗವನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ. ಫ್ರಾನ್ಸ್ ಮತ್ತು ಇಟಲಿಯನ್ನು ಜೋಡಿಸುವ ಮೋಂ ಬ್ಲಾಂ ಸುರಂಗ 11.6 ಕಿ.ಮೀ., ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ 16.9 ಕಿ.ಮೀ. ಉದ್ದವಿದೆ. 1999ರ ಮಾರ್ಚ್ 24ರಂದು ಮೋಂ ಬ್ಲಾಂ ಸುರಂಗದಲ್ಲಿ ಮೈದಾ ಮತ್ತು ಮಾರ್ಗರೀನ್ ಹೊತ್ತ ಲಾರಿಗೆ ಬೆಂಕಿ ಹತ್ತಿಕೊಂಡು 39 ಜನ ಸತ್ತರು. ಅವರಲ್ಲಿ ಹಲವರು ತಮ್ಮ ವಾಹನಗಳಲ್ಲೇ ಉಳಿದಿದ್ದರು. 2001ರ ಅಕ್ಟೋಬರಿನಲ್ಲಿ ಗೊಟ್ಟಾರ್ಡ್‌ನಲ್ಲಿ ಎರಡು ಲಾರಿಗಳು ಡಿಕ್ಕಿಯಾಗಿ ಬೆಂಕಿ ಎದ್ದು 11 ಜನ ಸತ್ತರು; ಅಲ್ಲಿ ಪಕ್ಕದಲ್ಲೇ ಕೊರೆದಿದ್ದ ರಕ್ಷಣಾ ಸುರಂಗಕ್ಕೆ ನಡೆದು ಹೋದವರು ಬದುಕಿಕೊಂಡರು.

ಸುರಂಗದಲ್ಲಿ ಕಾರು ಕೈಕೊಟ್ಟರೆ ಸಾಧ್ಯವಾದ ಮಟ್ಟಿಗೆ ಹೊರಕ್ಕೇ ಒಯ್ಯಿರಿ, ಆಗದಿದ್ದರೆ ಅಗಲವಾಗಿ ಬಿಟ್ಟಿರುವ ತಂಗುಜಾಗಕ್ಕೆ ಸರಿಸಿ. ಹಿಂದಕ್ಕೆ ಚಲಿಸುವುದಾಗಲಿ ತಿರುಗಿಸುವುದಾಗಲಿ ಕೂಡದು. ಎಂಜಿನ್ ಆರಿಸಿ, ಮೊಬೈಲಿನ ಬದಲು ಗೋಡೆಯ ಎಸ್‌ಒಎಸ್ ದೂರವಾಣಿಯಿಂದ ಮಾತನಾಡಿ. ನೀವು ಬಾಯಿ ಬಿಟ್ಟು ಹೇಳುವ ಮೊದಲೇ ನಿಯಂತ್ರಣ ಕೊಠಡಿಗೆ ನೀವಿರುವ ಜಾಗ ತಿಳಿಯುತ್ತದೆ. ಹೊಗೆ ಕಂಡರೆ ಕೀಲಿಯನ್ನು ಕಾರಿನಲ್ಲೇ ಬಿಟ್ಟು, ಪೆಟ್ಟಿಗೆಗಳ ಆಸೆ ಬಿಟ್ಟು, ಓಡುವ ಮನುಷ್ಯನ ಚಿತ್ರವಿರುವ ಹಸಿರು ಫಲಕಗಳನ್ನು ಹಿಡಿದು ತಕ್ಷಣ ನಡೆಯಬೇಕು.

ನಮ್ಮ ಕೈಯಿಂದಲೇ ಆಗುವ ತೊಂದರೆಗಳು

ಕಾರು ನಿಲ್ಲಲು ಅತಿ ಸಾಮಾನ್ಯ ಕಾರಣ ಬ್ಯಾಟರಿ ಎಂದು ಎಡಿಎಸಿಯ ವರದಿಗಳು ವರ್ಷ ವರ್ಷವೂ ಹೇಳುತ್ತವೆ. ಅದನ್ನು ಬಿಟ್ಟರೆ ಪ್ರವಾಸಿಗರನ್ನು ಹೆಚ್ಚು ಕಾಡುವುದು ತಪ್ಪು ಇಂಧನ. ಬಂಕಿನಲ್ಲಿ ಹಾಕಿಕೊಡುವವರು ಸಾಮಾನ್ಯವಾಗಿ ಇರುವುದಿಲ್ಲ, ಹೆಸರುಗಳೂ ಗೊಂದಲ ಹುಟ್ಟಿಸುತ್ತವೆ: ಫ್ರಾನ್ಸಿನ ‘ಗಾಜೋಲ್’, ಇಟಲಿಯ ‘ಗಾಜೋಲಿಯೊ’, ಸ್ಪೇನಿನ ‘ಗಾಸೋಲಿಯೊ’ ಎಲ್ಲವೂ ಡೀಸೆಲ್, ಆದರೆ ಸ್ಪೇನಿನ ‘ಗಾಸೋಲಿನಾ’ ಪೆಟ್ರೋಲ್. 2018ರ ಅಕ್ಟೋಬರ್‌ನಿಂದ ಯುರೋಪಿನ ಬಂಕುಗಳಲ್ಲೂ ಹೊಸ ಕಾರುಗಳ ಟ್ಯಾಂಕ್ ಮುಚ್ಚಳದಲ್ಲೂ ಒಂದೇ ಬಗೆಯ ಗುರುತುಗಳಿವೆ. ವೃತ್ತದೊಳಗೆ ಇ5 ಅಥವಾ ಇ10 ಎಂದಿದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಎಂದಿದ್ದರೆ ಡೀಸೆಲ್. ಹೆಸರು ಓದಬೇಡಿ, ಆಕಾರ ನೋಡಿ. ತಪ್ಪಿ ಹಾಕಿಬಿಟ್ಟರೆ ಎಂಜಿನ್ ಚಾಲೂ ಮಾಡಬೇಡಿ, ಕೀಲಿಯನ್ನು ಸಹ ತಿರುಗಿಸಬೇಡಿ. ಟ್ಯಾಂಕ್ ಖಾಲಿ ಮಾಡಿಸುವುದರಲ್ಲೇ ಮುಗಿಯುವ ಖರ್ಚು ಇಂಧನ ಎಂಜಿನ್ನಿಗೆ ಹೋದರೆ ಹಲವು ಪಟ್ಟಾಗುತ್ತದೆ.

ಈಗಿನ ಅನೇಕ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಾಲಿನ್ಯ ತಗ್ಗಿಸುವ ಆ್ಯಡ್‌ಬ್ಲೂ ಎಂಬ ದ್ರವಕ್ಕೆ ಬೇರೆಯೇ ಟ್ಯಾಂಕ್ ಇರುತ್ತದೆ. ಅದು ಪೂರ್ತಿ ಮುಗಿದ ಮೇಲೆ ಎಂಜಿನ್ ಆರಿಸಿದರೆ ಮತ್ತೆ ಚಾಲೂ ಆಗುವುದಿಲ್ಲ, ಆದ್ದರಿಂದ ಎಚ್ಚರಿಕೆ ಬಂದ ದಿನವೇ ತುಂಬಿಸಿ. ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿಯುವುದು ಪೆಟ್ರೋಲ್ ಹಾಕುವುದಕ್ಕಿಂತ ಕೆಟ್ಟ ತಪ್ಪು. ಇನ್ನು, ಇಂಧನ ಮುಗಿದು ಆಟೊಬಾನ್‌ನಲ್ಲಿ ನಿಂತರೆ ಜರ್ಮನಿಯಲ್ಲಿ ದಂಡ ಬೀಳಬಹುದು. ಅದನ್ನು ತಪ್ಪಿಸಬಹುದಾದ ನಿಲುಗಡೆ ಎಂದು ಪರಿಗಣಿಸುತ್ತಾರೆ.

ಟೈರಿಗೆ ಅಂಟುದ್ರವ ಹಾಕುವುದು ಮೊಳೆ ಚುಚ್ಚಿದ ಸಣ್ಣ ತೂತಿಗೆ ಮಾತ್ರ; ಟೈರಿನ ಪಕ್ಕ ಸೀಳಿದ್ದರೆ ಉಪಯೋಗವಿಲ್ಲ. ಹಾಕಿದ ಮೇಲೆ ಗಂಟೆಗೆ 80 ಕಿ.ಮೀ. ಮೀರದೆ ಹತ್ತಿರದ ಅಂಗಡಿಗೆ ಹೋಗಬೇಕು. ಹೆದ್ದಾರಿಯ ಅಂಚಿನಲ್ಲಿ, ವಾಹನಗಳು ಹಾಯುವ ಬದಿಯ ಚಕ್ರವನ್ನು ನೀವೇ ಬದಲಾಯಿಸಲು ಕೂರಬೇಡಿ.

ಘಾಟಿ ಇಳಿಯುವ ಅಭ್ಯಾಸ ನಮ್ಮ ಮಲೆನಾಡಿನ ಚಾಲಕರಿಗೆ ಚೆನ್ನಾಗಿಯೇ ಇದೆ. ಆದರೂ ಇಟಲಿಯ ಆಲ್ಪ್ಸ್‌ನಲ್ಲಿರುವ 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಘಾಟಿಯಲ್ಲಿ ಒಂದೇ ಬದಿಗೆ 48 ಹೇರ್‌ಪಿನ್ ತಿರುವುಗಳಿವೆ. ಆಟೊಮ್ಯಾಟಿಕ್ ಕಾರಿನಲ್ಲಿಯೂ ಕೆಳಗಿನ ಗೇರಿಗೆ ಇಳಿಸಿಕೊಳ್ಳಿ. ಬ್ರೇಕಿನಿಂದ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ತಣಿಯಲು ಬಿಡಿ, ನೀರು ಹಾಕಬೇಡಿ. ಏರುವಾಗ ಎಂಜಿನ್ ಕಾದರೆ ಎ.ಸಿ. ಆರಿಸಿ ಹೀಟರನ್ನು ಪೂರ್ತಿ ಹಾಕಿ, ನಿಂತ ಮೇಲೆ ಬಿಸಿ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ.

ಟೋಯಿಂಗ್ ಗಾಡಿ ಬಂದ ಮೇಲೆ

ಬಂದವರಿಗೆ ಕಾರು ಎಲೆಕ್ಟ್ರಿಕ್ ಅಥವಾ ಆಟೊಮ್ಯಾಟಿಕ್ ಆಗಿದ್ದರೆ ಮೊದಲೇ ತಿಳಿಸಿ. ಅಂಥವನ್ನು ಹಗ್ಗ ಕಟ್ಟಿ ಚಕ್ರದ ಮೇಲೆ ಎಳೆದರೆ ಹಾಳಾಗಬಹುದು, ಗಾಡಿಯ ಮೇಲೆ ಹೇರಿಕೊಂಡೇ ಒಯ್ಯಬೇಕು. ಕೆಟ್ಟ ಭಾಗದ, ಮೀಟರಿನಲ್ಲಿ ಹೊತ್ತಿದ ದೀಪದ ಮತ್ತು ಕಾರಿನ ನಾಲ್ಕೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಸಹಿ ಮಾಡುವ ಪತ್ರದಲ್ಲಿ ಮೊತ್ತ ಬರೆದಿದೆಯೇ, ಯಾವ ಗ್ಯಾರೇಜಿಗೆ ಒಯ್ಯುತ್ತಿದ್ದಾರೆ ಎಂಬುದನ್ನು ನೋಡಿ, ಒಂದು ಪ್ರತಿ ಕೇಳಿ ಪಡೆಯಿರಿ. ಶನಿವಾರ ಮಧ್ಯಾಹ್ನದ ನಂತರ ಕಾರು ಕೆಟ್ಟರೆ ಗ್ಯಾರೇಜು ತೆರೆಯುವುದು ಹೆಚ್ಚಾಗಿ ಸೋಮವಾರವೇ. ಆದ್ದರಿಂದ ಕಾರನ್ನು ಮೇಲೇರಿಸುವ ಮೊದಲು ಪಾಸ್‌ಪೋರ್ಟ್, ಹಿರಿಯರ ಮಾತ್ರೆಗಳು, ಮಕ್ಕಳ ಬೆಚ್ಚನೆಯ ಬಟ್ಟೆ, ಚಾರ್ಜರ್ ಮತ್ತು ಬಾಡಿಗೆ ಕಾರಿನ ಕಾಗದಗಳನ್ನು ತೆಗೆದು ನಿಮ್ಮ ಕೈಚೀಲದಲ್ಲಿ ಇಟ್ಟುಕೊಳ್ಳಿ.