ಹೊಟ್ಟೆ ಕೆಟ್ಟಾಗ ಲಂಘನ, ಗಂಜಿ, ಕಟ್ಟು, ಮಜ್ಜಿಗೆ: ಹಳೆಯ ವೈದ್ಯರ ಕ್ರಮ ಮತ್ತು ಅಳತೆ

ಹೊಟ್ಟೆ ಭಾರ ಎಂದ ಕೂಡಲೇ ಓಮ ಜಗಿಯುವುದು, ಇಂಗಿನ ನೀರು ಕುಡಿಯುವುದು ನಮ್ಮಲ್ಲಿ ರೂಢಿ. ಸುಮಾರು 7ನೇ ಶತಮಾನದ ಅಷ್ಟಾಂಗಹೃದಯದಲ್ಲಿ ವಾಗ್ಭಟ ಹೇಳುವುದು ಬೇರೆಯೇ: ಅಜೀರ್ಣವಾದವನು ನೋವು ಎಷ್ಟೇ ಜೋರಾಗಿದ್ದರೂ ಶೂಲದ ಮದ್ದು ಕುಡಿಯಬಾರದು. ಆಮದಿಂದ, ಅಂದರೆ ಅರಗದೆ ಉಳಿದದ್ದರಿಂದ, ಮಂಕಾದ ಜಠರಾಗ್ನಿಗೆ ದೋಷ, ಮದ್ದು, ಅನ್ನ ಮೂರನ್ನೂ ಒಟ್ಟಿಗೆ ಅರಗಿಸುವ ತ್ರಾಣವಿಲ್ಲ ಎಂಬುದು ಅವನು ಕೊಡುವ ಕಾರಣ. ತಿಂದದ್ದು ಜೀರ್ಣವಾದ ಮೇಲೂ ಹೊಟ್ಟೆ ಬಿಗಿದು ಭಾರವಾಗಿಯೇ ಇದ್ದರೆ ಮಾತ್ರ ಮದ್ದಿನ ಸರದಿ. ಈ ಸರದಿ ತಪ್ಪಿದರೆ ಒಳ್ಳೆಯ ಮದ್ದೂ ಕೆಲಸ ಮಾಡುವುದಿಲ್ಲ.

ಒಂದು ಮಾತು ಮೊದಲೇ. ಮಲದಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ, ನಿಲ್ಲದ ವಾಂತಿ, ಕಲ್ಲಿನಂತೆ ಗಟ್ಟಿಯಾದ ಹೊಟ್ಟೆ, ಜ್ವರದ ಜೊತೆ ಬಲ ಕೆಳಭಾಗದ ನೋವು ಇವಕ್ಕೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ. ಭೇದಿಯಾಗುತ್ತಿರುವ ಮಗುವಿಗೆ ಉಪವಾಸ ಹಾಕಬೇಡಿ; ಓಆರ್‌ಎಸ್ ಕುಡಿಸುತ್ತ, ಎದೆಹಾಲು ಮತ್ತು ಊಟ ಮುಂದುವರಿಸಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮೊದಲ ಕೆಲಸ ಯಾವ ಅಜೀರ್ಣ ಎಂದು ನೋಡುವುದು. ತೇಗಿದರೆ ತಿಂದದ್ದೇ ರುಚಿ ಬಂದು, ಮೈ ಭಾರವಾಗಿ, ಕೆನ್ನೆ ಮತ್ತು ಕಣ್ಣಿನ ಸುತ್ತ ಊದಿದ್ದರೆ ಅದು ಆಮಾಜೀರ್ಣ, ಅದಕ್ಕೆ ಲಂಘನ. ಹುಳಿತೇಗು, ಎದೆಯುರಿ, ಬಾಯಾರಿಕೆ, ತಲೆಸುತ್ತು ಇದ್ದರೆ ವಿದಗ್ಧ. ಇದಕ್ಕೆ ಶಾಸ್ತ್ರ ಹೇಳುವ ವಮನ (ವಾಂತಿ ಮಾಡಿಸುವುದು) ವೈದ್ಯರ ಕೈಯಲ್ಲೇ ಆಗಬೇಕಾದದ್ದು. ಮನೆಯಲ್ಲಿ ಮಾಡಬಹುದಾದದ್ದು ಸುಶ್ರುತ ಹೇಳಿದ ತಣ್ಣೀರು, ಸ್ವಲ್ಪ ಸ್ವಲ್ಪವಾಗಿ. ಹೊಟ್ಟೆ ಉಬ್ಬರಿಸಿ, ಚುಚ್ಚಿ, ವಾಯುವೂ ಮಲವೂ ಕಟ್ಟಿದರೆ ವಿಷ್ಟಬ್ಧ. ಹೊಟ್ಟೆಯ ಮೇಲೆ ಬಿಸಿ ಉಪ್ಪಿನ ಗಂಟಿನ ಶಾಖ ಕೊಡಿ. ತೇಗು ಶುದ್ಧವಾಗಿದ್ದೂ ಊಟ ಬೇಡವೆನಿಸಿದರೆ ರಸಶೇಷ. ಏನೂ ತಿನ್ನದೆ ಸ್ವಲ್ಪ ಹೊತ್ತು ಮಲಗಿದರೆ ಸಾಕು.

ಲಂಘನ ಎಂದರೆ ದಿನ ಎಣಿಸುವ ಉಪವಾಸವಲ್ಲ, ಲಕ್ಷಣ ಕಾಣುವವರೆಗೆ ಕಾಯುವುದು. ತೇಗು ಶುದ್ಧವಾಗಬೇಕು, ಮಲಮೂತ್ರ ಸರಿಯಾಗಿ ಹೋಗಬೇಕು, ಮೈ ಹಗುರಾಗಬೇಕು, ಹಸಿವು ಬಾಯಾರಿಕೆ ಎರಡೂ ಹುಟ್ಟಬೇಕು. ಅಲ್ಲಿಯತನಕ ಬಿಸಿನೀರು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಮುದುಕರು ಹೀಗೆ ಊಟ ಬಿಡಬಾರದು. ಅವರು ನೇರವಾಗಿ ಗಂಜಿಗೆ ಬರಲಿ.

ಹಸಿವು ಬಂದಾಗಲೇ ಹೆಚ್ಚಿನವರು ಎಡವುವುದು. ಎರಡು ಹೊತ್ತು ಖಾಲಿ ಇದ್ದ ಹೊಟ್ಟೆಗೆ ಇಡ್ಲಿ ಸಾಂಬಾರು ಇಳಿಸಿ, ಸಂಜೆಗೆ ಮತ್ತೆ ಮಲಗುತ್ತಾರೆ. ಸಣ್ಣ ಕಿಡಿಗೆ ಮೊದಲು ಹುಲ್ಲು, ಬೆರಣಿಯ ಪುಡಿ ಕೊಟ್ಟು ಮೆಲ್ಲಗೆ ದೊಡ್ಡದು ಮಾಡುವ ಹಾಗೆ ಅಗ್ನಿಯನ್ನು ಬೆಳೆಸಬೇಕು ಎನ್ನುತ್ತಾನೆ ವಾಗ್ಭಟ. ಮೊದಲು ಪೇಯ ಎಂಬ ತೆಳು ಗಂಜಿ, ಆಮೇಲೆ ವಿಲೇಪಿ ಎಂಬ ಮೆತ್ತನೆಯ ಗಂಜಿ, ಒಗ್ಗರಣೆಯಿಲ್ಲದ ಕಟ್ಟು (ಕಾಳು ಬೇಯಿಸಿ ಸೋಸಿದ್ದು), ಒಗ್ಗರಣೆಯ ಕಟ್ಟು, ಕೊನೆಗೆ ಮಾಂಸರಸ. ಪಂಚಕರ್ಮದಲ್ಲಿ ಪೂರ್ಣ ಶೋಧನೆ (ದೇಹಶುದ್ಧಿ) ಆದವನಿಗೆ ಒಂದೊಂದು ಹಂತಕ್ಕೆ ಮೂರು ಹೊತ್ತಿನ ಊಟ, ಮಧ್ಯಮಕ್ಕೆ ಎರಡು, ಅಲ್ಪಕ್ಕೆ ಒಂದು. ಮನೆಯಲ್ಲಿ ಒಂದು ದಿನ ಹೊಟ್ಟೆ ಕೆಟ್ಟದ್ದಕ್ಕೆ ಒಂದೊಂದು ಹೊತ್ತು ಸಾಕು. ಸಸ್ಯಾಹಾರಿಗಳು ಒಗ್ಗರಣೆಯ ಕಟ್ಟಿನಿಂದ ಅನ್ನಕ್ಕೆ ಬರಬಹುದು.

ಗಂಜಿಯ ಅಳತೆ ಶಾರ್ಙ್ಗಧರಸಂಹಿತೆ ಬರೆದ ಶಾರ್ಙ್ಗಧರನದು. ಅಕ್ಕಿಯ 14 ಪಟ್ಟು ನೀರಿನಲ್ಲಿ ಬೇಯಿಸಿ ಅಗುಳು ತೆಗೆದ ತಿಳಿ ಮಂಡ. ಅದೇ ನೀರಿನಲ್ಲಿ ಸ್ವಲ್ಪ ಅಗುಳು ಉಳಿದರೆ ಪೇಯ. 6 ಪಟ್ಟಿನದು ಯವಾಗು. 4 ಪಟ್ಟಿನದು, ಅಗುಳೇ ಹೆಚ್ಚಿರುವ ಮೆತ್ತನೆಯದು ವಿಲೇಪಿ. ಅನ್ನಕ್ಕೆ 5 ಪಟ್ಟು ಎಂದು ಬೇರೆ ಗ್ರಂಥಗಳಲ್ಲಿ ಇರುವುದು ಹಲವರಿಗೆ ತೊಡಕು: ಗಟ್ಟಿ ಅನ್ನಕ್ಕೆ ವಿಲೇಪಿಗಿಂತ ಹೆಚ್ಚು ನೀರೇ? ಅಂದಿನ ಅನ್ನ ಬಸಿದ ಅನ್ನ. ತೆಳಿ ಬಸಿದು ಚೆಲ್ಲಿದ್ದರಿಂದ ಅದು ಹಗುರ. ವಿಲೇಪಿಯನ್ನು ಬಸಿಯುವುದಿಲ್ಲ.

ಪೇಯಕ್ಕೆ ಒಂದು ವರ್ಷ ಹಳೆಯ ಅಕ್ಕಿ ಕಾಲು ಲೋಟ ತೆಗೆದುಕೊಳ್ಳಿ. ಹೊಸ ಅಕ್ಕಿ ಅಂಟುಂಟಾಗಿ ಹೊಟ್ಟೆಗೆ ಭಾರ. ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದು, ನುಚ್ಚಾಗಿಸಿ, ಮೂರೂವರೆ ಲೋಟ ಕುದಿಯುವ ನೀರಿಗೆ ಹಾಕಿ, ಮುಚ್ಚಳ ಓರೆಮಾಡಿ ಸಣ್ಣ ಉರಿಯಲ್ಲಿ ಬೇಯಿಸಿ. ಕುಕ್ಕರ್ ಬೇಡ, ನೀರು ಆವಿಯಾಗಿ ಹೋಗದೆ ಗಂಜಿಯ ಹದವೇ ಬೇರೆಯಾಗುತ್ತದೆ. ಅಗುಳನ್ನು ಬೆರಳಲ್ಲಿ ಒತ್ತಿದರೆ ಪೂರಾ ನುರಿಯಬೇಕು. ಚಿಟಿಕೆ ಒಣಶುಂಠಿ, ಸೈಂಧವ ಲವಣ ಹಾಕಿ ಬಿಸಿಯಾಗಿಯೇ ಕುಡಿಯಬೇಕು. ಹಾಲು, ತುಪ್ಪ, ಉಪ್ಪಿನಕಾಯಿ ಈ ಹಂತದಲ್ಲಿ ಸಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 2ನೇ ಅಧ್ಯಾಯದಲ್ಲಿ 28 ಬಗೆಯ ಯವಾಗುಗಳಿವೆ. ಮೊದಲನೆಯದು ಹಿಪ್ಪಲಿ, ಹಿಪ್ಪಲಿ ಬೇರು, ಚವ್ಯ, ಚಿತ್ರಮೂಲ, ಒಣಶುಂಠಿ ಸೇರಿದ್ದು. ಹಸಿವು ಹೆಚ್ಚಿಸಿ ಶೂಲ ತೆಗೆಯುವುದು. ಚಿತ್ರಮೂಲವನ್ನು ಮಾತ್ರ ಗ್ರಂಧಿಗೆ ಅಂಗಡಿಯಿಂದ ತಂದು ಹಾಗೇ ಹಾಕಬೇಡಿ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳಿಸುವ ಬೇರು ಅದು. ಸುಣ್ಣದ ತಿಳಿನೀರಿನಲ್ಲಿ ಶುದ್ಧಿ ಮಾಡಿದ ಮೇಲೆಯೇ ಬಳಸಬೇಕು, ಬಸುರಿಯರಿಗಂತೂ ಕೂಡದು. ಎರಡನೆಯದು ಮನೆಗೆ ಸುಲಭ: ಬೇಲದ ಹಣ್ಣು, ಬಿಲ್ವ, ಹುಳಿಯ ಚಾಂಗೇರಿ ಸೊಪ್ಪು, ಮಜ್ಜಿಗೆ, ದಾಳಿಂಬೆ ಸೇರಿಸಿ ಮಾಡಿದ ಪೇಯ. ಇದು ಪಾಚನವೂ (ಅರಗಿಸುವುದೂ) ಹೌದು, ಮಲ ಕಟ್ಟುವುದೂ ಹೌದು. ಆದರೆ ಭೇದಿ ಶುರುವಾದ ಗಳಿಗೆಯಲ್ಲೇ ಕಟ್ಟುವ ಮದ್ದು ಕೊಡಬಾರದೆಂದು ಚರಕನೇ ಅತಿಸಾರದ ಅಧ್ಯಾಯದಲ್ಲಿ ಎಚ್ಚರಿಸುತ್ತಾನೆ: ಹೊರಹೋಗಬೇಕಾದ ಆಮ ಒಳಗೇ ನಿಂತರೆ ಹೊಟ್ಟೆಯುಬ್ಬರ, ಗ್ರಹಣಿ (ಅಗ್ನಿ ಕೆಟ್ಟು ಮತ್ತೆ ಮತ್ತೆ ಹೊಟ್ಟೆ ಕೆಡುವ ರೋಗ), ಮೂಲವ್ಯಾಧಿಗೆ ದಾರಿ.

ಕಟ್ಟಿಗೆ ಹೆಸರುಕಾಳೇ ಆಗಬೇಕು. ಉದ್ದು ಗುರು, ಕಡಲೆ ವಾಯು. ಒಂದು ಪಾಲು ಕಾಳಿಗೆ 18 ಪಾಲು ನೀರು, ಕಾಳು ಒಡೆದು ಕರಗುವವರೆಗೆ ಬೆಂದ ಮೇಲೆ ಸೋಸಿ. ಉಪ್ಪು, ಜಿಡ್ಡು, ಖಾರ ಇಲ್ಲದ್ದು ಅಕೃತ. ಮರುಹೊತ್ತಿಗೆ ತುಪ್ಪ, ಜೀರಿಗೆ, ಮೆಣಸು, ಉಪ್ಪು ಕೂಡಿದ್ದು ಕೃತ.

ಹೊಟ್ಟೆ ತಿಳಿಯಾದ ಮೇಲೆ ಹಿಂಗ್ವಷ್ಟಕ. ಒಣಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಸೈಂಧವ ಲವಣ, ಜೀರಿಗೆ, ಕರಿಜೀರಿಗೆ ಏಳೂ ಸಮಭಾಗ. ಎಂಟನೆಯ ಇಂಗು ಸಮಪಾಲೋ ಎಂಟನೇ ಒಂದು ಪಾಲೋ ಎಂಬುದರಲ್ಲಿ ಎರಡು ಓದುಗಳಿವೆ. ಮನೆಗೆ ಕಡಿಮೆಯದೇ ಮೇಲು. ಡಬ್ಬಿಯ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುವುದರಿಂದ ಗಟ್ಟಿ ಇಂಗನ್ನು ತುಪ್ಪದಲ್ಲಿ ಅರಳುವಂತೆ ಹುರಿದು ಪುಡಿ ಮಾಡಿ. ಅಂಗಡಿಯಲ್ಲಿ ಕರಿಜೀರಿಗೆಯ ಬದಲು ಕಹಿಯ ಕಾಡುಜೀರಿಗೆ ಕೊಟ್ಟಾರು, ಒಂದು ಕಾಳು ಜಗಿದು ನೋಡಿ. ಕಾಲು ಟೀ ಚಮಚವನ್ನು ತುಪ್ಪದ ಜೊತೆ ಊಟದ ಮೊದಲ ತುತ್ತಿನಲ್ಲಿ ಕಲಸಿ ತಿನ್ನಬೇಕು, ಕೊನೆಗಲ್ಲ. ಎದೆಯುರಿ, ಹುಣ್ಣು ಇರುವವರಿಗೆ ಇದು ಬೇಡ. ರಕ್ತದೊತ್ತಡ ಇದ್ದವರು ಉಪ್ಪನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಲಿ.

ಮಜ್ಜಿಗೆ ಗ್ರಹಣಿಗೆ ಶ್ರೇಷ್ಠ ಎನ್ನುತ್ತಾನೆ ಚರಕ: ಹಸಿವು ಹೆಚ್ಚಿಸುತ್ತದೆ, ಮಲ ಕಟ್ಟುತ್ತದೆ, ಹಗುರ, ಪಿತ್ತ ಕೆರಳಿಸದು. ಯಾವ ಮಜ್ಜಿಗೆ? ನೀರಿಲ್ಲದೆ ಕೆನೆಯೊಡನೆ ಕಡೆದದ್ದು ಘೋಲ. ಕೆನೆಯೂ ನೀರೂ ಇಲ್ಲದ್ದು ಮಥಿತ. ಕಾಲುಭಾಗ ನೀರಿನದು ತಕ್ರ. ಅರ್ಧ ನೀರಿನದು ಉದಶ್ವಿತ್. ಮದ್ದಿಗೆ ತಕ್ರ. ಅಗ್ನಿ ತೀರ ಮಂದವಾಗಿದ್ದರೆ ಬೆಣ್ಣೆ ಪೂರ್ತಿ ತೆಗೆದದ್ದು, ಚೇತರಿಸಿದಂತೆ ಅರ್ಧ ತೆಗೆದದ್ದು, ಕೊನೆಗೆ ತೆಗೆಯದ್ದು. ಮೊಸರಿಗೆ ನೀರು ಬೆರೆಸಿ ಕಲಕಿದ್ದು ಇದಾಗುವುದಿಲ್ಲ, ಕಡೆಯಲೇಬೇಕು. ವಾಯುವಿಗೆ ಹುಳಿಯದು ಸೈಂಧವದೊಡನೆ, ಪಿತ್ತಕ್ಕೆ ಸಿಹಿಯದು ಸಕ್ಕರೆಯೊಡನೆ, ಕಫಕ್ಕೆ ಶುಂಠಿ, ಮೆಣಸು, ಹಿಪ್ಪಲಿ ಮತ್ತು ಕ್ಷಾರದೊಡನೆ. ಎದೆಗೆ ಪೆಟ್ಟುಬಿದ್ದು ಗಾಯವಾದವರಿಗೆ, ಬೇಸಿಗೆಯಲ್ಲಿ, ತೀರ ದುರ್ಬಲರಿಗೆ, ಮೂರ್ಛೆ, ತಲೆಸುತ್ತು, ಉರಿ, ರಕ್ತಸ್ರಾವ ಇದ್ದವರಿಗೆ ಕೂಡದು.

ಮೂಲವ್ಯಾಧಿಯ ಅಧ್ಯಾಯದಲ್ಲಿ ಚರಕ ಕೊಟ್ಟ ಅವಧಿ 7 ದಿನ, 10 ದಿನ, ಒಂದು ಪಕ್ಷ ಅಥವಾ ಒಂದು ತಿಂಗಳು. ಅಗ್ನಿ ಬಹಳ ಕುಗ್ಗಿದ್ದರೆ ಹಗಲು ಬರೀ ಮಜ್ಜಿಗೆ, ಸಂಜೆಗೆ ಭತ್ತದ ಅರಳಿನ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ನೆಕ್ಕುವುದು. ಈ ಕಟ್ಟುನಿಟ್ಟಿನ ಬಗೆ ವೈದ್ಯರ ಕಣ್ಣಿನಡಿಯೇ ಆಗಲಿ. ತಿಂಗಳು ತುಂಬಿದ ಮೇಲೂ ಒಮ್ಮೆಲೇ ಬಿಡುವಂತಿಲ್ಲ: ಏರಿಸಿದ ಕ್ರಮದಲ್ಲೇ ಮಜ್ಜಿಗೆಯನ್ನು ಇಳಿಸುತ್ತ ಬರಬೇಕು, ಇಳಿದಷ್ಟು ಜಾಗಕ್ಕೆ ಅನ್ನ ಬರಬೇಕು.